ಮಗಳ ರಜೆ, ನನ್ನ ಜೈಲು

ನಾನು ಜೈಲಿಗೆ ಹೋದದ್ದು ಏಪ್ರಿಲ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಒಲೆಯ ಮೇಲೆ ತೊಗರಿಬೇಳೆ ಇಟ್ಟಿದ್ದೆ. ಕುಕ್ಕರ್ ಎರಡನೆಯ ಸಲ ಕೂಗುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಮೂರನೆಯ ಕೂಗಿಗೆ ಮೊದಲೇ ನನ್ನ ದಸ್ತಗಿರಿ ಆಗಿತ್ತು.

ಇದನ್ನು ಹೇಳಿದರೆ ಈಗಿನ ಹುಡುಗಿಯರು ಕಣ್ಣರಳಿಸುತ್ತಾರೆ. "ಏನಾಂಟಿ, ಯುದ್ಧ ಬೇಡ ಅಂತ ಮೆರವಣಿಗೆ ಹೋಗಿದ್ರಾ?" ಎಂದು ಕೇಳುತ್ತಾರೆ. ಆ ಕಾಲದಲ್ಲಿ ಅಮೆರಿಕದಲ್ಲಿ ಜೈಲು ಕಂಡವರೆಲ್ಲ ಏನಾದರೂ ದೊಡ್ಡದು ಮಾಡಿ ಹೋದವರೇ ಎಂದು ಅವರ ಎಣಿಕೆ. ನಾನು ಹೋದದ್ದು ಎರಡನೆಯ ಕ್ಲಾಸಿನ ಮಗಳನ್ನು ಶಾಲೆಗೆ ಕಳಿಸದೆ ಇದ್ದದ್ದಕ್ಕೆ. ಸರಿಯಾಗಿ ಹೇಳಬೇಕೆಂದರೆ, ಕಳಿಸದೆ ಇದ್ದದ್ದಕ್ಕೆ ಹಾಕಿದ ದಂಡವನ್ನು ಕಟ್ಟದೆ ಇದ್ದದ್ದಕ್ಕೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವಿದ್ದದ್ದು ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ, ಕ್ಯಾಂಟನ್ ದಾರಿಯ ಒಂದು ಚಿಕ್ಕ ಊರಿನಲ್ಲಿ. ಈಗ ಆ ಕಡೆ ಹೋದರೆ ಸಾಲು ಸಾಲು ಹೊಸ ಮನೆ, ಕರಿಬೇವು ಸಿಗುವ ಅಂಗಡಿ. ಆಗ ಇದ್ದದ್ದು ಮುಸುಕಿನ ಜೋಳದ ಹೊಲ, ಅದರ ಅಂಚಿನಲ್ಲಿ ನಮ್ಮ ಎರಡಂತಸ್ತಿನ ಇಟ್ಟಿಗೆ ಕಟ್ಟಡ. ಮೇಲಿನ ಮನೆ ನಮ್ಮದು. ಕೆಳಗಿನ ಮನೆಯಲ್ಲಿ ಪೋಲೆಂಡಿನಿಂದ ಬಂದು ನಲವತ್ತು ವರ್ಷವಾಗಿದ್ದ ಒಬ್ಬ ವಿಧವೆ ಅಜ್ಜಿ. ನನ್ನ ಗಂಡ ಕಾರಿನ ಬಾಗಿಲುಗಳನ್ನು ತಗಡಿನಿಂದ ಒತ್ತಿ ತೆಗೆಯುವ ಕಾರ್ಖಾನೆಯಲ್ಲಿ ಇಂಜಿನಿಯರ್. ಬೆಳಿಗ್ಗೆ ಆರೂವರೆಗೆ ಹೊರಟರೆ ಸಂಜೆ ಆರಕ್ಕೆ ಬರುತ್ತಿದ್ದರು. ಬಂದ ಮೇಲೂ ಅರ್ಧ ಗಂಟೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ದಿನವಿಡೀ ಆ ಯಂತ್ರಗಳ ಗದ್ದಲ. ಏನು ಹೇಳಿದರೂ "ಆಯ್ತು, ಆಯ್ತು" ಎನ್ನುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಾನು ಅವರಿಂದ ಒಂದು ಸೋಫಾವನ್ನೂ ಒಂದು ಹೊಲಿಗೆ ಯಂತ್ರವನ್ನೂ ಒಪ್ಪಿಸಿಕೊಂಡಿದ್ದೇನೆ.

ಮೈಸೂರಿನ ನಮ್ಮ ಮನೆಯಲ್ಲಿ ಹದಿಮೂರು ಜನ. ಒಬ್ಬಳೇ ಕುಳಿತು ಒಂದು ಪತ್ರ ಬರೆಯಬೇಕೆಂದರೂ ಮಹಡಿ ಹತ್ತಬೇಕಿತ್ತು. ಅಂಥ ಕಡೆಯಿಂದ ಬಂದವಳು ಇಲ್ಲಿ ಮೊದಲ ಚಳಿಗಾಲ ಕಂಡೆ. ಜನವರಿಯಲ್ಲಿ ಮಗಳಿಗೆ ಕಿವಿನೋವು ಬಂತು. ನಾಲ್ಕು ಬೀದಿ ದಾಟಿ ನಡೆದು ಶಾಲೆಗೆ ಹೋಗಬೇಕಿತ್ತು. ಟೊಪ್ಪಿಗೆ, ಅದರ ಮೇಲೆ ನನ್ನ ಮಫ್ಲರ್, ಅದರ ಮೇಲೆ ಕೋಟಿನ ಮುಸುಕು, ಇಷ್ಟಿದ್ದರೂ ಮಗು ರಾತ್ರಿಯೆಲ್ಲ ಅತ್ತಿತು. ಮರುದಿನವೇ ಗಂಡನಿಗೆ ಹೇಳಿ ಒಂದು ಥರ್ಮಾಮೀಟರ್ ತರಿಸಿದೆ. ಅಡುಗೆಮನೆಯ ಕಿಟಕಿಯ ಹೊರಗೆ ಅದನ್ನು ಮೊಳೆ ಹೊಡೆಸಿ ಒಂದು ಕಾನೂನು ಮಾಡಿದೆ: ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿದರೆ ಶಾಲೆ ಇಲ್ಲ. ಇಲ್ಲಿಯದು ಫ್ಯಾರನ್‌ಹೀಟ್ ಲೆಕ್ಕ, ಮೂವತ್ತೆರಡಕ್ಕೇ ನೀರು ಹೆಪ್ಪುಗಟ್ಟುತ್ತದೆ.

"ಇಲ್ಲಿಯ ಮಕ್ಕಳೆಲ್ಲ ಹೋಗ್ತಾವಲ್ಲೇ" ಎಂದರು ಗಂಡ.

"ಅವರ ಕಿವಿ ಇಲ್ಲಿಯದು" ಎಂದೆ.

ಜನವರಿಯಲ್ಲಿ ಈ ಕಾನೂನಿಗೆ ಅರ್ಥವಿತ್ತು. ಫೆಬ್ರವರಿಯಲ್ಲಿ ಚಳಿ ಸ್ವಲ್ಪ ಇಳಿದಾಗ ನನ್ನ ಗೆರೆ ಇಪ್ಪತ್ತೈದಕ್ಕೆ ಹತ್ತಿತು. ತಿಂಗಳ ಕೊನೆಗೆ ಮೂವತ್ತು. ಮಾರ್ಚಿನಲ್ಲಿ ಬಿಸಿಲು ಬಂದು ಹಿಮ ಕರಗತೊಡಗಿದಾಗ ಥರ್ಮಾಮೀಟರನ್ನು ಕೈಬಿಟ್ಟು, "ದಾರಿಯೆಲ್ಲ ಒದ್ದೆ, ಕಾಲು ನೆನೆದರೆ ನೆಗಡಿ" ಎಂದು ಹೊಸ ಕಲಮು ಸೇರಿಸಿದೆ. ಮಗಳೂ ವಿರೋಧ ಮಾಡಲಿಲ್ಲ. ಬೆಳಿಗ್ಗೆ ಎದ್ದವಳೇ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಹತ್ತಿ, ಮೂಗನ್ನು ಗಾಜಿಗೆ ಒತ್ತಿ, "ಅಮ್ಮ, ಇಟ್ಸ್ ಟ್ವೆಂಟಿ ನೈನ್!" ಎಂದು ಕೂಗುವಳು. ನಾನು "ಅಯ್ಯೋ ಪಾಪ" ಎನ್ನುವೆ. ಇಬ್ಬರೂ ಮತ್ತೆ ಹೊದ್ದು ಮಲಗುವೆವು.

ಶಾಲೆಗೆ ತಿಳಿಸದೆ ಮನೆಯಲ್ಲಿ ಇಟ್ಟುಕೊಳ್ಳುವಷ್ಟು ಅಶಿಸ್ತಿನವಳು ನಾನಲ್ಲ. ಪ್ರತಿ ಸಲವೂ ರಜಾಚೀಟಿ ಬರೆದು ಕಳಿಸುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದ ಇಂಗ್ಲಿಷ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. "ಪೂಜ್ಯ ಮಹಾಶಯರ ಸನ್ನಿಧಿಗೆ ಅತ್ಯಂತ ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ನನ್ನ ಮಗಳು ನಿನ್ನೆಯ ದಿನ ಹವಾಮಾನದಿಂದ ಬಳಲುತ್ತಿದ್ದ ಕಾರಣ ತರಗತಿಗೆ ಹಾಜರಾಗಲು ಅಶಕ್ತಳಾಗಿದ್ದಳು" ಎಂಬ ಧಾಟಿ. ಕೊನೆಗೆ "ತಮ್ಮ ಅತಿ ವಿಧೇಯ ಸೇವಕಿ" ಎಂದು ಸಹಿ. ಶಾಲೆಯ ಆಫೀಸಿನ ಹೆಂಗಸು ಅವನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡುತ್ತಿದ್ದಳು. ಓದಿ ಸಂತೋಷಪಟ್ಟು ಇಡುತ್ತಿದ್ದಾಳೆ ಎಂದು ನಾನು ತಿಳಿದುಕೊಂಡಿದ್ದೆ.

ರಜೆಯ ದಿನ ನಾವು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಒಂದು ಗಂಟೆಗೆ ಟೀವಿಯಲ್ಲಿ ಒಂದು ಧಾರಾವಾಹಿ. ಅದರಲ್ಲಿ ಒಬ್ಬ ಡಾಕ್ಟರು ತಲೆಗೆ ಪೆಟ್ಟು ಬಿದ್ದು ಹೆಂಡತಿಯನ್ನು ಮರೆತಿದ್ದ. ಆ ಜನರ ಇಂಗ್ಲಿಷ್ ನನಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳುವಳು. "ಅಮ್ಮ, ಅವ್ನಿಗೆ ಇವ್ಳು ಹೆಂಡ್ತಿ ಅಂತ ಗೊತ್ತಿಲ್ಲ. ನರ್ಸ್ ಸುಳ್ಳು ಹೇಳ್ತಿದಾಳೆ." ಏಳು ವರ್ಷದ ಮಗುವಿಗೆ ತಕ್ಕ ವಿಷಯವಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಆ ನರ್ಸಿನ ಮೇಲೆ ಎಷ್ಟು ಕೋಪವಿತ್ತೆಂದರೆ ಅದೆಲ್ಲ ಹೊಳೆಯಲೇ ಇಲ್ಲ.

ಮಾರ್ಚ್ ಮಧ್ಯದಲ್ಲಿ ಒಂದು ದಿನ ಹೀಗೆ ಇಬ್ಬರೂ ಟೀವಿಯ ಮುಂದೆ ಕೂತಿದ್ದಾಗ ಶಾಲೆಯ ಹಾಜರಿ ಅಧಿಕಾರಿ ಬಂದರು. ಎತ್ತರದ, ದಪ್ಪನೆಯ ಮುದುಕರು. ರಬ್ಬರಿನ ಬೂಟನ್ನು ಹೊರಗೇ ಬಿಟ್ಟು, ಕಾಲುಚೀಲದಲ್ಲಿ ಒಳಗೆ ಬಂದು ಕೂತರು. ಇವರು ಸಂಸ್ಕಾರವಂತರು ಅಂದುಕೊಂಡು ಕಾಫಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ಮಗಳನ್ನು ನೋಡಿ, ಬಹಳ ಗಂಭೀರವಾಗಿ ಒಂದು ಮಾತು ಹೇಳಿದರು. ನನಗೆ ಕೇಳಿಸಿದ್ದು "ಟ್ರೂ ಆಂಟ್" ಎಂದು.

"ಆಂಟ್ ಅಲ್ಲ ಸಾರ್, ನಾನು ತಾಯಿ" ಎಂದೆ. "ಸ್ವಂತ ತಾಯಿ."

ಅವರು ಗಲಿಬಿಲಿಗೊಂಡು ಮತ್ತೆ ಅದನ್ನೇ ಹೇಳಿದರು. ನಾನು ಒಳಗೆ ಹೋಗಿ ಪಾಸ್‌ಪೋರ್ಟ್ ತಂದು ತೋರಿಸಿದೆ. ಆಮೇಲೆ ಮಗಳೇ, "ಅಮ್ಮ, ಟ್ರೂಯೆಂಟ್ ಅಂದ್ರೆ ಸ್ಕೂಲ್ ತಪ್ಪಿಸೋರು" ಎಂದು ಬಿಡಿಸಿದಳು. ಅವರು ಜೇಬಿನಿಂದ ಚೀಟಿ ತೆಗೆದು ಓದಿದರು. ಇಪ್ಪತ್ತಾರು ದಿನ. ನಾನು ಬೆಚ್ಚಿದೆ. ನನ್ನ ಲೆಕ್ಕದಲ್ಲಿ ಹತ್ತೋ ಹನ್ನೆರಡೋ ಆಗಿರಬಹುದಿತ್ತು.

"ಪ್ರತಿ ಸಲ ಚೀಟಿ ಕಳಿಸಿದ್ದೀನಲ್ಲ ಸಾರ್?"

"ಓದಿದ್ದೇನೆ ಅಮ್ಮಾ" ಎಂದರು. "ಹವಾಮಾನ ಕಾಯಿಲೆ ಅಲ್ಲ. ಅದು ಎಲ್ಲರಿಗೂ ಇರುತ್ತದೆ. ಕೋರ್ಟಿನಿಂದ ಪತ್ರ ಬರುತ್ತದೆ. ಬಂದಾಗ ದಯವಿಟ್ಟು ಹೋಗಿ."

ಸಂಜೆ ಗಂಡ ಬಂದೊಡನೆ ಹೇಳಿದೆ: "ಸ್ಕೂಲಿಂದ ಒಬ್ರು ಬಂದಿದ್ರು. ಕೋರ್ಟಿಂದ ಕಾಗದ ಬರತ್ತಂತೆ."

"ಆಯ್ತು, ಆಯ್ತು" ಎಂದರು.

ಆ ಅರ್ಧ ಗಂಟೆಯಲ್ಲಿ ಹೇಳಿದ್ದು ನನ್ನ ತಪ್ಪು. ಮರುದಿನದಿಂದ ಮಗಳನ್ನು ಒಂದು ದಿನವೂ ಬಿಡದೆ ಶಾಲೆಗೆ ಕಳಿಸಿದೆ. ಹಾಗೆ ಕಳಿಸಿದ್ದರಿಂದ ವಿಷಯ ಮುಗಿಯಿತು ಎಂದೂ ತಿಳಿದೆ.

ಪತ್ರ ಬಂದಿತ್ತು. ಒಂದಲ್ಲ, ಮೂರು. ಅವು ಏನಾದವು ಎಂದು ತಿಳಿಯಬೇಕಾದರೆ ನನ್ನ ಗಂಡನ ದೋಣಿಯ ಕಥೆ ಹೇಳಬೇಕು.

ಅಮೆರಿಕಕ್ಕೆ ಬಂದ ಮೊದಲ ತಿಂಗಳಲ್ಲೇ ಅವರಿಗೆ ಒಂದು ಲಕೋಟೆ ಬಂದಿತ್ತು. ಮೇಲೆ ಕೆಂಪು ಅಕ್ಷರದಲ್ಲಿ "ತುರ್ತು, ಕೂಡಲೇ ತೆರೆಯಿರಿ". ಒಳಗೆ ಅವರ ಹೆಸರನ್ನೇ ಅಚ್ಚು ಹಾಕಿ, ತಾವು ಒಂದು ಮೋಟಾರ್ ದೋಣಿಯನ್ನು ಗೆದ್ದಿರುವ ಸಾಧ್ಯತೆ ಇದೆ ಎಂದು ಬರೆದಿತ್ತು. ಆ "ಸಾಧ್ಯತೆ" ಎಂಬ ಮಾತು ಬಹಳ ಸಣ್ಣ ಅಕ್ಷರದಲ್ಲಿತ್ತು. ಇವರು ಬೆಂಗಳೂರಿನ ಅಣ್ಣನಿಗೆ ಪತ್ರ ಬರೆದೇಬಿಟ್ಟರು. ಅಣ್ಣ ಬಳಗಕ್ಕೆಲ್ಲ ಹೇಳಿದರು. ಇವರು ಸಹಿ ಮಾಡಿ ಕಳಿಸಿದ ಕಾಗದಕ್ಕೆ ಉತ್ತರವಾಗಿ ಬಂದದ್ದು ಮೀನು ಹಿಡಿಯುವ ಬಗ್ಗೆ ಒಂದು ಮಾಸಪತ್ರಿಕೆ, ಎರಡು ವರ್ಷದ ಚಂದಾದ ಬಿಲ್ಲಿನ ಸಮೇತ. ನಾವು ಮೊಟ್ಟೆಯನ್ನೂ ಮುಟ್ಟದ ಜನ. ಪ್ರತಿ ತಿಂಗಳೂ ಬಾಯಿ ತೆರೆದ ಮೀನಿನ ಚಿತ್ರ ಮನೆಗೆ ಬರುತ್ತಿತ್ತು. ಊರಿನಿಂದ ಪ್ರತಿ ಪತ್ರದ ಕೊನೆಗೂ "ದೋಣಿ ಬಂತೇ?" ಎಂಬ ಪ್ರಶ್ನೆ. ಅಂದಿನಿಂದ ಕೆಂಪು ಅಕ್ಷರವಿರುವ ಯಾವ ಲಕೋಟೆಯನ್ನೂ ಅವರು ಒಡೆಯುತ್ತಿರಲಿಲ್ಲ. ಅಂಚೆಪೆಟ್ಟಿಗೆಯಿಂದ ಕಸದ ಬುಟ್ಟಿಗೆ ಹೋಗುವ ದಾರಿಯಲ್ಲೇ ಎರಡು ತುಂಡು ಮಾಡುತ್ತಿದ್ದರು. ಕೋರ್ಟಿನ ಲಕೋಟೆಯ ಮೇಲೂ ಕೆಂಪು ಅಕ್ಷರದಲ್ಲಿ "ಕೊನೆಯ ಸೂಚನೆ" ಎಂದಿತ್ತಂತೆ.

ಹೀಗೆ ನಾವು ವಿಚಾರಣೆಗೆ ಹೋಗಲಿಲ್ಲ. ಹೋಗದಿದ್ದಾಗ ದಂಡ ಬಿತ್ತು. ದಂಡ ಕಟ್ಟದಿದ್ದಾಗ ವಾರಂಟ್ ಹೊರಟಿತು. ಅದನ್ನು ಹಿಡಿದುಕೊಂಡು ಆ ಬುಧವಾರ ಬಂದಿದ್ದವನು ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷದ ಒಬ್ಬ ಪೊಲೀಸ್. ನನ್ನನ್ನು ನೋಡಿ, ನನ್ನ ಸೀರೆಯನ್ನು ನೋಡಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ, ತಂದೆ ತಾಯಿ ಇಬ್ಬರ ಹೆಸರೂ ಇದರಲ್ಲಿ ಇದೆ. ಒಬ್ಬರು ಬಂದರೆ ಸಾಕು" ಎಂದ. ಸಿನಿಮಾ ಟಿಕೆಟ್ಟು ಮಾರುವವನ ಹಾಗೆ.

ನಾನು ಗಂಡನ ಕಾರ್ಖಾನೆಗೆ ಫೋನ್ ಮಾಡಿದೆ. ಹಿಂದೆ ತಗಡು ಒತ್ತುವ ಸದ್ದು, ಧಡ್, ಧಡ್.

"ರೀ, ಪೊಲೀಸ್ ಬಂದಿದಾನೆ, ಕೈಲಿ ಕಾಗದ ಇದೆ!"

"ಏನು ಕಾಗದ?"

"ದಂಡದ್ದು! ಕೊನೇ ಸೂಚನೆ ಅಂತಿದಾನೆ!"

"ಸಹಿ ಹಾಕ್ಬೇಡ!" ಎಂದು ಕಿರುಚಿದರು. "ಈಗ ಮನೆಗೇ ಬರೋಕೆ ಶುರು ಮಾಡಿದಾರಾ? ಯೂನಿಫಾರ್ಮ್ ಹಾಕ್ಕೊಂಡು? ಫೋನ್ ಅವನ ಕೈಗೆ ಕೊಡು."

ಕೊಟ್ಟೆ. ಪೊಲೀಸ್ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಇಲ್ಲ ಸಾರ್... ಇಲ್ಲ ಸಾರ್, ನಾನು ಏನನ್ನೂ ಮಾರುತ್ತಿಲ್ಲ... ದೋಣಿಯ ವಿಷಯ ನನಗೆ ಗೊತ್ತಿಲ್ಲ ಸಾರ್..." ಎಂದ. ಆಮೇಲೆ ಫೋನನ್ನು ಮೆಲ್ಲಗೆ ಕೆಳಗಿಟ್ಟು, "ನಮಗೆ ಬೇಡ ಅಂದು ಇಟ್ಟುಬಿಟ್ಟರು" ಎಂದ.

ದಂಡ ಖರ್ಚೆಲ್ಲ ಸೇರಿ ನಲವತ್ತು ಡಾಲರು, ಅದೂ ಕೋರ್ಟಿನ ಗುಮಾಸ್ತೆಯ ಕಿಟಕಿಯಲ್ಲೇ ನಗದಾಗಿ ಕಟ್ಟಬೇಕು. ನನ್ನ ಹತ್ತಿರ ಹಾಲಿಗೆಂದು ಇಟ್ಟಿದ್ದ ಚಿಲ್ಲರೆ ಬಿಟ್ಟರೆ ಏನೂ ಇರಲಿಲ್ಲ. ಒಲೆ ಆರಿಸಿದೆ. ಐದು ನಿಮಿಷ ಕೇಳಿಕೊಂಡು ಒಳಗೆ ಹೋಗಿ ಸೀರೆ ಬದಲಾಯಿಸಿದೆ. ಜೈಲಿಗೆ ಯಾವ ಸೀರೆ ಉಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೋರ್ಟು ಅಂದರೆ ದೊಡ್ಡವರಿರುವ ಜಾಗ ಎಂದು ಯೋಚಿಸಿ ಹಸಿರು ಮೈಸೂರು ಸಿಲ್ಕ್ ಉಟ್ಟೆ. ಅಲ್ಲಿ ಊಟ ಏನು ಕೊಡುತ್ತಾರೋ ಎಂದು ಒಂದು ಡಬ್ಬಿಗೆ ಒಗ್ಗರಣೆ ಅವಲಕ್ಕಿ ತುಂಬಿಕೊಂಡೆ. ಮೇಲೆ ಕೋಟು, ಕಾಲಿಗೆ ಬೂಟು.

ಮೆಟ್ಟಿಲಿಳಿಯುವಾಗ ಕೆಳಗಿನ ಅಜ್ಜಿ ಬಾಗಿಲು ತೆರೆದಳು. "ಮಗಳನ್ನ ಮೂರೂಕಾಲಿಗೆ ಸ್ಕೂಲಿಂದ ಕರ್ಕೊಂಡ್ ಬರ್ತೀರಾ? ನಾನು ಜೈಲಿಗೆ ಹೋಗ್ತಿದೀನಿ" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಪೊಲೀಸನ ಕಡೆ ತಿರುಗಿ ಪೋಲಿಷ್ ಭಾಷೆಯಲ್ಲಿ ಏನೇನೋ ಹೇಳಿದಳು. ಒಂದು ಶಬ್ದವೂ ತಿಳಿಯಲಿಲ್ಲ. ನಮ್ಮ ಅತ್ತೆ ಹಾಲಿನವನಿಗೆ ನೀರಿನ ಬಗ್ಗೆ ಹೇಳುವಾಗಿನ ಧಾಟಿ ಅದು. ಅವನ ಕಿವಿ ಕೆಂಪಾಯಿತು. ಕಾರಿನ ಮುಂದಿನ ಸೀಟಿನಲ್ಲೇ ನನ್ನನ್ನು ಕೂರಿಸಿಕೊಂಡ.

ಆ ಊರಿನ ಜೈಲು ಎಂದರೆ ಪುರಸಭೆಯ ಕಟ್ಟಡದ ಹಿಂಭಾಗದಲ್ಲಿ, ಬೆಂಕಿ ಆರಿಸುವ ಲಾರಿ ನಿಲ್ಲುವ ಕೋಣೆಯ ಪಕ್ಕದಲ್ಲಿದ್ದ ಎರಡು ಕಂಬಿಮನೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಕೆಂಪು ಕೂದಲಿನ ಒಬ್ಬ ಹೆಂಗಸು. ಪೊಲೀಸ್ ಫೋನು ತೆಗೆಯುವುದೂ ಟೈಪ್ ಮಾಡುವುದೂ ಅವಳೇ. ನನ್ನ ಎತ್ತರ, ತೂಕ ಬರೆದುಕೊಂಡಳು. "ಮೈಮೇಲೆ ಗುರುತು?" ಎಂದು ಕೇಳುತ್ತ ನನ್ನ ಹಣೆ ನೋಡಿ, "ಅಯ್ಯೋ, ಅವನೇನಾದರೂ ಹೊಡೆದನಾ?" ಎಂದು ಎದ್ದು ನಿಂತಳು. ಬಾಗಿಲಲ್ಲಿದ್ದ ಪೊಲೀಸನಿಗೆ ಅಳುವುದೊಂದು ಬಾಕಿ. ಕುಂಕುಮ ಎಂದು ವಿವರಿಸಿದೆ. ಆಮೇಲೆ ಒಡವೆ ಬಿಚ್ಚಬೇಕೆಂದಳು. ತಾಳಿ ಬಿಚ್ಚುವುದಿಲ್ಲ ಎಂದೆ. ನನ್ನ ಮುಖ ನೋಡಿ ಆ ಮಾತು ಬಿಟ್ಟಳು. ಬಳೆಗಳಿಗೆ ಬಂದೆವು. ಮದುವೆಯ ಹೊತ್ತಿಗೆ ತೊಡಿಸಿದ್ದ ಅಳತೆ. ಆಮೇಲೆ ನನ್ನ ಕೈ ಬೆಳೆದಿತ್ತು. ಪಾತ್ರೆ ತೊಳೆಯುವ ಸೋಪು ಹಚ್ಚಿ ಅವಳು ಎಳೆದಳು, ನಾನು ಎಳೆದೆ. ಸೋಪಿನ ನೊರೆ ಟೈಪ್‌ರೈಟರಿನ ಮೇಲೆಲ್ಲ ಹಾರಿತು. ಕೊನೆಗೆ ಅವಳು ಕೂತು ಟಕಟಕ ಹೊಡೆದಳು: "ಗಾಜಿನ ಬಳೆ ಎಂಟು. ಬರುವುದಿಲ್ಲ."

ಕಂಬಿಯ ಒಳಗೆ ಆಗಲೇ ಒಬ್ಬಳಿದ್ದಳು. ಲಾರಿ ಡ್ರೈವರುಗಳು ನಿಲ್ಲುವ ಒಂದು ಹೋಟೆಲಿನಲ್ಲಿ ಬಡಿಸುವ ಕೆಲಸದವಳು, ಆ ಯೂನಿಫಾರ್ಮಿನಲ್ಲೇ ಇದ್ದಳು. ತುಂಬಿದ ಮೈ, ದೊಡ್ಡ ನಗು. ಮಂಚದ ಮೇಲೆ ಇಸ್ಪೀಟೆಲೆ ಹರಡಿಕೊಂಡು ಒಬ್ಬಳೇ ಆಡುತ್ತಿದ್ದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನೀನು ಎಂಥ ಕಡೆಗೆ ಹೊರಟಿದ್ದೆ, ಎಲ್ಲಿಗೆ ಬಂದೆ ತಾಯಿ?" ಎಂದಳು.

"ಇಲ್ಲಿಗೇ ಹೊರಟಿದ್ದೆ" ಎಂದೆ. "ಸ್ಕೂಲು."

"ನಂದೂ ಸ್ಕೂಲೇ!" ಎಂದು ತೊಡೆ ತಟ್ಟಿದಳು. ಅವಳಿಗೆ ಮೂರು ಗಂಡುಮಕ್ಕಳು. ಬೆಳಿಗ್ಗೆ ಬಸ್ಸು ಹತ್ತಿಸುತ್ತಾಳೆ. ಅವರು ಮುಂದಿನ ತಿರುವಿನಲ್ಲಿ ಇಳಿದು ನದಿಗೆ ಮೀನು ಹಿಡಿಯಲು ಹೋಗುತ್ತಾರೆ. ಇದು ಅವಳಿಗೆ ಎರಡನೆಯ ಸಲ. ದಂಡ ಕಟ್ಟುವ ಶಕ್ತಿ ಇರಲಿಲ್ಲ. ಅಣ್ಣ ಐದು ಗಂಟೆಗೆ ಕೆಲಸ ಮುಗಿಸಿ ಹಣ ತರುತ್ತಾನೆ ಎಂದಳು. "ಹೋದ ಸಲಕ್ಕಿಂತ ಹಾಸಿಗೆ ಚೆನ್ನಾಗಿದೆ" ಎಂದೂ ಹೇಳಿದಳು.

ಡಬ್ಬಿ ತೆಗೆದು ಅವಲಕ್ಕಿ ಹಂಚಿದೆ. ಅವಳು ಹಸಿಮೆಣಸಿನಕಾಯಿಯನ್ನು ಹುರುಳಿಕಾಯಿ ಎಂದುಕೊಂಡು ಕಚ್ಚಿ ಕೂಗಿಕೊಂಡಳು. ಕೆಂಪು ಕೂದಲಿನವಳು ನೀರು ಹಿಡಿದುಕೊಂಡು ಓಡಿ ಬಂದಳು. ಅವಳಿಗೂ ಒಂದು ಪಾಲು ಕೊಟ್ಟೆ. ಆಮೇಲೆ ಮೂವರೂ ಇಸ್ಪೀಟೆಲೆ ಹಂಚಿಕೊಂಡು ಕೂತೆವು. ಇಬ್ಬರು ಒಳಗೆ, ಒಬ್ಬಳು ಹೊರಗೆ ಸ್ಟೂಲಿನ ಮೇಲೆ, ಕಂಬಿಯ ಸಂದಿಯಿಂದ ಎಲೆ ಎಸೆಯುತ್ತ. ಮೈಸೂರಿನಲ್ಲಿ ದಸರಾ ರಜೆಯಲ್ಲಿ ಅಜ್ಜಿಯ ಹತ್ತಿರ ಕಲಿತ ರಮ್ಮಿ ನನ್ನ ಕೈಬಿಡಲಿಲ್ಲ. ಬೆಂಕಿಕಡ್ಡಿ ಪಣಕ್ಕಿಟ್ಟು ಆಡಿ ಮೂವತ್ತು ಕಡ್ಡಿ ಗೆದ್ದೆ.

ಆಡುತ್ತ ಆಡುತ್ತ ಹೋಟೆಲಿನವಳು ಕೇಳಿದಳು: "ನಿನ್ನ ಮಗಳು ಎಲ್ಲಿಗೆ ಹೋಗ್ತಿದ್ಲು?"

"ಎಲ್ಲಿಗೂ ಇಲ್ಲ. ನಾನೇ ಮನೇಲಿ ಇಟ್ಕೊಂಡಿದ್ದೆ. ಚಳಿ ಅಂತ. ಮಾರ್ಚ್‌ವರೆಗೆ."

"ಮಾರ್ಚ್‌ನಲ್ಲೂ ಚಳಿನಾ?"

ಎಲೆ ಕೈಯಲ್ಲಿ ಹಿಡಿದು ಕೂತೆ. ಶಾಲೆಗೆ, ಊರಿಗೆ ಬರೆದ ಪತ್ರಗಳಲ್ಲಿ ಹೇಳದೆ ಇದ್ದದ್ದು, ಗಂಡನಿಗೆ ಹೇಳಿಯೂ ಮುಟ್ಟದೆ ಹೋದದ್ದು, ಆ ಗೊತ್ತಿಲ್ಲದ ಹೆಂಗಸಿನ ಮುಂದೆ ಬಂತು. ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ: ಬೆಳಿಗ್ಗೆ ಎಂಟಕ್ಕೆ ಮಗಳು ಹೊರಟರೆ ಆ ಮನೆಯಲ್ಲಿ ಫ್ರಿಜ್ ಬಿಟ್ಟರೆ ಸದ್ದು ಮಾಡುವವರು ಯಾರೂ ಇಲ್ಲ. ಸಂಜೆ ಬಂದಮೇಲೂ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಎರಡು ಮೂರು ದಿನ ಮನೆಯಲ್ಲಿ ಇಟ್ಟುಕೊಂಡರೆ ಮಾತ್ರ ಮೂರನೆಯ ದಿನ ಕನ್ನಡಕ್ಕೆ ತಿರುಗುತ್ತಾಳೆ. ನನಗೆ ಆ ಮೂರನೆಯ ದಿನ ಬೇಕಿತ್ತು.

ಅವಳು ಎಲೆಯಿಂದ ಕಣ್ಣೆತ್ತಲಿಲ್ಲ.

"ಹಾಗಾದರೆ ಸ್ಕೂಲ್ ತಪ್ಪಿಸಿದ್ದು ಅವಳಲ್ಲ, ನೀನು" ಎಂದಳು. "ನಿನ್ನನ್ನ ಒಳಗೆ ಹಾಕಿದ್ದು ಸರಿಯಾಗೇ ಇದೆ. ಎಲೆ ಹಾಕು, ನಿನ್ನ ಸರದಿ."

ನನಗೆ ನಗು ಬಂತು. ಎಷ್ಟು ದಿನಗಳ ಮೇಲೋ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಈ ಕಡೆ ನನ್ನ ಗಂಡ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಫೋನ್ ಮಾಡಿದ್ದಾರೆ. ಯಾರೂ ಎತ್ತಲಿಲ್ಲ. ಕೆಳಗಿನ ಅಜ್ಜಿಗೆ ಮಾಡಿದ್ದಾರೆ. "ನಿನ್ನ ಹೆಂಡತಿ ಜೈಲಿನಲ್ಲಿದ್ದಾಳೆ. ಬಂದ ಕಾಗದ ಓದುವುದನ್ನು ಕಲಿ" ಎಂದು ಹೇಳಿ ಅವಳು ಫೋನ್ ಕುಕ್ಕಿದಳಂತೆ. ಓಡಿ ಬಂದರು, ಚೆಕ್‌ಬುಕ್ ಹಿಡಿದುಕೊಂಡು. ಗುಮಾಸ್ತೆ ಚೆಕ್ ತೆಗೆದುಕೊಳ್ಳಲಿಲ್ಲ. ಅವರ ಬ್ಯಾಂಕು ಇಪ್ಪತ್ತು ಮೈಲಿ ದೂರ. ಆಗ ಎರಡು ಗಂಟೆಗೇ ಮುಚ್ಚುತ್ತಿದ್ದದ್ದು, ತಲುಪುವ ಹೊತ್ತಿಗೆ ಬಾಗಿಲು ಹಾಕಿತ್ತು. ಕೊನೆಗೆ ಹುಬ್ಬಳ್ಳಿಯ ಡಾಕ್ಟರ ಮನೆಗೆ ಓಡಿದರು. ನಮ್ಮ ಕಡೆಯವರೆಂದು ಆ ಸುತ್ತಿನಲ್ಲಿ ಇದ್ದ ಏಳೆಂಟು ಮನೆಗಳಲ್ಲಿ ಅವರದೂ ಒಂದು. ಬ್ಯಾಂಕನ್ನು ನಂಬದೆ ಬಿಸ್ಕತ್ತಿನ ಡಬ್ಬಿಯಲ್ಲಿ ನಗದು ಇಡುವವರು. ಹಣ ಕೊಟ್ಟು ಸುಮ್ಮನಿರುವ ಆಸಾಮಿಯಲ್ಲ. ತಾವೂ ಕಾರು ಹತ್ತಿ ಬಂದರು.

ಮೂರೂವರೆಗೆ ಇಬ್ಬರೂ ಕಂಬಿಯ ಮುಂದೆ ನಿಂತಿದ್ದರು. ಡಾಕ್ಟರಿಗೆ ಸಂಭ್ರಮ ತಡೆಯುತ್ತಿರಲಿಲ್ಲ.

"ಏನ್ರೀ ವೈನಿ, ಚಹಾ ಗಿಹಾ ಕೊಟ್ಟಾರೇನು? ಅಯ್ಯ, ಇಸ್ಪೀಟ್ ಹಚ್ಚೀರಲ್ರೀ! ಇದು ಜೇಲೋ, ಕ್ಲಬ್ಬೋ?"

ನನ್ನ ಗಂಡ ಮಾತ್ರ ಕಂಬಿ ಹಿಡಿದುಕೊಂಡು, ಮದುವೆಯಲ್ಲಿ ಅಂತರಪಟ ಸರಿದಾಗ ಹೇಗೆ ನೋಡಿದ್ದರೋ ಹಾಗೆ ದಿಗಿಲಿನಿಂದ ನೋಡುತ್ತಿದ್ದರು. ಕಂಬಿ ಬಿಡದೆ ಹೇಳಿದರು: "ಸಾರಿ ಕಣೇ. ಅದು ಜಾಹೀರಾತು ಅಲ್ಲ."

"ಗೊತ್ತಾಯ್ತು" ಎಂದೆ. "ಒಂದೆರಡು ನಿಮಿಷ ಇರಿ. ಒಂದೇ ಎಲೆ ಬೇಕು ನಂಗೆ."

ಹೊರಡುವ ಮುನ್ನ ನ್ಯಾಯಾಧೀಶರ ಮುಂದೆ ಹೋಗಬೇಕಿತ್ತು. ಬಿಳಿ ಹುಬ್ಬಿನ ಹಿರಿಯರು. ಅವರ ಮುಂದೆ ಫೈಲು ಬಿಚ್ಚಿತ್ತು. ನೋಡಿದರೆ ನನ್ನ ರಜಾಚೀಟಿಗಳು, ಇಪ್ಪತ್ತಾರೂ. ಹಾಜರಿ ಅಧಿಕಾರಿಯೂ ಪಕ್ಕದಲ್ಲಿ ಕೂತಿದ್ದರು. ನ್ಯಾಯಾಧೀಶರು ಒಂದು ಚೀಟಿ ಎತ್ತಿ, ಕನ್ನಡಕ ಏರಿಸಿ, "ತಮ್ಮ ಅತಿ ವಿಧೇಯ ಸೇವಕಿ" ಎಂಬಲ್ಲಿಯವರೆಗೂ ಗಟ್ಟಿಯಾಗಿ ಓದಿದರು.

"ಅಮ್ಮಾ, ಮೂವತ್ತು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ. ನನಗೆ ಯಾರೂ ಇಷ್ಟು ಮರ್ಯಾದೆಯಿಂದ ಬರೆದಿಲ್ಲ" ಎಂದರು. "ಇನ್ನು ಮುಂದೆ ಮಗುವನ್ನು ಕಳಿಸುತ್ತೀರಾ?"

"ಕಳಿಸ್ತೀನಿ ಸಾರ್. ಆಗಲೇ ಕಳಿಸ್ತಾ ಇದೀನಿ. ಆದರೆ ನಾನು ದಿನವಿಡೀ ಏನು ಮಾಡಲಿ?"

ಮಾತು ತಡೆಯುವುದರೊಳಗೆ ಹೊರಬಂದಿತ್ತು. ಗಂಡ ನನ್ನ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಅವರ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ನ್ಯಾಯಾಧೀಶರು ಕನ್ನಡಕ ಇಳಿಸಿ, "ಆ ಪ್ರಶ್ನೆ ಈ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಅಮ್ಮಾ" ಎಂದರು.

ಹಾಜರಿ ಅಧಿಕಾರಿ ಕೆಮ್ಮಿದರು. "ಶಾಲೆಯ ಊಟದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ" ಎಂದರು. "ಇವರ ಕಾಫಿ ಚೆನ್ನಾಗಿರುತ್ತದೆ" ಎಂದೂ ಸೇರಿಸಿದರು. ಅದು ಯಾವ ಅರ್ಹತೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಕಾರು ನಮ್ಮ ಬೀದಿಗೆ ತಿರುಗಿದಾಗ ಗಂಡ, "ಇಷ್ಟು ಬೇಜಾರಿತ್ತು ಅಂತ ನಂಗೆ ಯಾಕೆ ಹೇಳ್ಲಿಲ್ಲ?" ಎಂದರು. "ಹೇಳಿದೀನಿ. ಆರು ಗಂಟೆಗೆ ಹೇಳಿದೀನಿ, ಆಯ್ತು ಆಯ್ತು ಅಂದ್ರಿ" ಎಂದೆ. ಅಂದಿನಿಂದ ಅವರು ಕಾರ್ಖಾನೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದರು. ಬಂದ ಪ್ರತಿಯೊಂದು ಕಾಗದವನ್ನೂ ಓದತೊಡಗಿದರು. ಅಂಗಡಿಯ ರಿಯಾಯಿತಿ ಚೀಟಿಗಳನ್ನೂ ಬಿಡುತ್ತಿರಲಿಲ್ಲ.

ಮಗಳು ಕೆಳಗಿನ ಅಜ್ಜಿಯ ಮನೆಯಲ್ಲಿ ಆಲೂಗಡ್ಡೆ ಕಡುಬು ತಿನ್ನುತ್ತ ಕೂತಿದ್ದಳು. ನನ್ನನ್ನು ಕಂಡು, "ಅಮ್ಮ! ಡಿಡ್ ಯು ವೇರ್ ಸ್ಟ್ರೈಪ್ಸ್?" ಎಂದು ಓಡಿಬಂದಳು. ಕೈದಿಗಳ ಪಟ್ಟೆ ಉಡುಪಿನ ಬದಲು ಸಿಲ್ಕ್ ಸೀರೆ ನೋಡಿ ಅವಳಿಗೆ ನಿರಾಶೆಯಾಯಿತು. ಮರುದಿನ ಕ್ಲಾಸಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ನನ್ನ ಜೈಲಿನ ಕಥೆ ಹೇಳಿದಳಂತೆ, ಕೈಕೋಳವನ್ನೂ ಒಂದು ಬೇಟೆನಾಯಿಯನ್ನೂ ತಾನಾಗಿ ಸೇರಿಸಿ.

ಅದೇ ವಾರ ನಮ್ಮ ಕಡೆಯವರೆಲ್ಲ ಒಬ್ಬರ ಮನೆಯ ನೆಲಮಾಳಿಗೆಯಲ್ಲಿ ಯುಗಾದಿಗೆ ಸೇರಿದೆವು. ಡಾಕ್ಟರು ಮೊದಲೇ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದರು. ಹೆಂಗಸರು ನನಗೆ ಜಾಗ ಬಿಟ್ಟು ಕೂತರು. ಯಾರೋ ಒಬ್ಬಾಕೆ ಮಗನಿಗೆ ಮರುದಿನ ರಜೆ ಹಾಕಿಸಬೇಕೆಂದಿದ್ದವಳು, "ಹೋಗ್ಲಿ ಬಿಡಿ, ಸ್ಕೂಲಿಗೇ ಹೋಗ್ಲಿ" ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು. ಊರಿಗೆ ಬರೆಯುವಾಗ ನಾನು ಜೈಲು ಎಂಬ ಶಬ್ದ ಬಳಸಲಿಲ್ಲ. "ಈ ವಾರ ಇಲ್ಲಿಯ ಕೋರ್ಟು ನೋಡಿಬಂದೆ, ನ್ಯಾಯಾಧೀಶರು ಬಹಳ ಗೌರವದಿಂದ ಮಾತಾಡಿಸಿದರು" ಎಂದು ಬರೆದೆ. "ಮನೆಯಲ್ಲೇ ಕೂರದೆ ಹೀಗೆ ನಾಲ್ಕು ಜಾಗ ನೋಡುತ್ತಿರುವುದು ಸಂತೋಷ" ಎಂದು ಅಮ್ಮ ಉತ್ತರ ಬರೆದರು.

ಮೇ ತಿಂಗಳಿನಿಂದ ನಾನು ಶಾಲೆಯ ಊಟದ ಕೋಣೆಗೆ ಹೋಗತೊಡಗಿದೆ. ಇನ್ನೂರು ಮಕ್ಕಳು, ಇನ್ನೂರು ಹಾಲಿನ ಡಬ್ಬಿ. ಗದ್ದಲಕ್ಕೆ ನನಗೂ ಸಂಜೆ ಅರ್ಧ ಗಂಟೆ ಕಿವಿ ಕೇಳಿಸುತ್ತಿರಲಿಲ್ಲ. ಆ ಹೋಟೆಲಿನವಳ ಮೂವರು ಗಂಡುಮಕ್ಕಳೂ ಅಲ್ಲಿಗೇ ಬರುತ್ತಿದ್ದರು, ಬಂದ ದಿನ. ಒಂದೊಂದು ಶನಿವಾರ ಅವಳ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಇಬ್ಬರೂ ಒಂದು ಆಟ ಹಾಕುತ್ತಿದ್ದೆವು.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಮಗಳು ಬಾಗಿಲಲ್ಲಿ ಬಂದು ನಿಂತಳು. ಕಾಲಿನಿಂದ ನೆಲ ಕೆರೆಯುತ್ತ, ಅಪ್ಪಟ ಕನ್ನಡದಲ್ಲಿ ಕೇಳಿದಳು:

"ಅಮ್ಮ, ನೀನು ಊಟದ ಹೊತ್ತಲ್ಲಿ ಎಲ್ರ ಮುಂದೆ ನನ್ನ ಚಿನ್ನೂ ಅಂತ ಕರೀತೀಯ. ನನ್ನ ಫ್ರೆಂಡ್ಸೆಲ್ಲ ನಗ್ತಾರೆ. ನಾಳೆ ಒಂದಿನ ನೀನು ರಜಾ ಹಾಕ್ತೀಯಾ?"

ಆಗುವುದಿಲ್ಲ ಎಂದೆ. ಬೂಟು ಹಾಕಿಕೋ, ಹೊತ್ತಾಯಿತು ಎಂದೆ. ಇಬ್ಬರೂ ಹೊರಟೆವು.